ವಂದನೆ ಮೊದಲು, ‘ನಾನು’ ಆಮೇಲೆ

ಧರ್ಮನಿಷ್ಠ ಯೆಹೂದ್ಯನು ಬೆಳಿಗ್ಗೆ ಕಣ್ಣು ತೆರೆದೊಡನೆ, ಹಾಸಿಗೆ ಬಿಡುವ ಮೊದಲೇ, ತನಗೆ ಪ್ರಾಣವನ್ನು ಮರಳಿ ಕೊಟ್ಟ ಜೀವಂತ ಅರಸನಿಗೆ ವಂದನೆ ಸಲ್ಲಿಸುತ್ತಾನೆ. ಈ ಕಿರುಪ್ರಾರ್ಥನೆಯ ಮೊದಲ ಎರಡು ಹೀಬ್ರೂ ಪದಗಳು ‘ಮೋದೆ ಅನಿ’. ‘ಮೋದೆ’ ಎಂದರೆ ವಂದಿಸುತ್ತೇನೆ, ‘ಅನಿ’ ಎಂದರೆ ನಾನು. ದಿನದ ಪ್ರಥಮ ವಾಕ್ಯದಲ್ಲಿಯೇ ‘ನಾನು’ ಎಂಬುದು ಎರಡನೆಯ ಸ್ಥಾನಕ್ಕೆ ಸರಿದಿದೆ. ಕೈ ತೊಳೆಯದೆ ದೇವನಾಮವನ್ನು ಉಚ್ಚರಿಸಲಾಗದೆಂದು ಇದರಲ್ಲಿ ಆ ನಾಮವನ್ನೇ ಬಿಡಲಾಗಿದೆ. ನೀರು ಮುಟ್ಟುವಷ್ಟು ಹೊತ್ತೂ ಕೃತಜ್ಞತೆ ಕಾಯಬಾರದು!

ಆ ಜನಾಂಗದ ಹೆಸರಿನಲ್ಲಿಯೇ ಈ ವಂದನೆ ಅಡಗಿದೆ. ಆದಿಕಾಂಡದ 29ನೆಯ ಅಧ್ಯಾಯದಲ್ಲಿ ಬರುವ ಲೇಯಾ ಗಂಡನ ಒಲವು ಕಾಣದ ಹೆಂಡತಿ. ಮೊದಲ ಮೂವರು ಮಕ್ಕಳಿಗೆ ಅವಳು ಇಟ್ಟ ಹೆಸರುಗಳಲ್ಲೆಲ್ಲ ಆ ಒಲವಿನ ಕೊರಗೇ ಕೇಳುತ್ತದೆ. ನಾಲ್ಕನೆಯ ಮಗ ಹುಟ್ಟಿದಾಗ ಮಾತ್ರ, ಈ ಸಲ ಸರ್ವೇಶ್ವರನನ್ನು ಸ್ತುತಿಸುವೆನೆಂದು ‘ಯೆಹೂದ’ ಎಂದು ಕರೆದಳು. ಅಷ್ಟರಲ್ಲಿ ಯಕೋಬನ ಮನಸ್ಸು ಬದಲಾಗಿತ್ತೆಂದು ಆದಿಕಾಂಡ ಹೇಳುವುದಿಲ್ಲ. ಬದಲಾದದ್ದು ಲೇಯಾಳ ನೋಟ. ಒಂದು ಜನಾಂಗ ತನ್ನ ಹೆಸರನ್ನು ಪಡೆದದ್ದು ಉಪೇಕ್ಷಿತ ಸ್ತ್ರೀಯೊಬ್ಬಳ ಈ ಆಯ್ಕೆಯಿಂದ ಎಂಬುದು ನಮಗೆ ಬಹಳ ದೊಡ್ಡ ಸಂಗತಿಯಾಗಿ ತೋರುತ್ತದೆ.

ದಿನಕ್ಕೆ ನೂರು ಸ್ತುತಿಗಳನ್ನು ಸಲ್ಲಿಸಬೇಕೆಂದು ತಾಲ್ಮೂದ್ ವಿಧಿಸುತ್ತದೆ. ರೊಟ್ಟಿಗೊಂದು, ಹಣ್ಣಿಗೊಂದು, ಗುಡುಗಿಗೊಂದು, ಕಾಮನಬಿಲ್ಲಿಗೊಂದು. ಶೌಚಕ್ಕೆ ಹೋಗಿ ಬಂದ ಮೇಲೂ, ದೇಹದ ದ್ವಾರಗಳು ಸರಿಯಾಗಿ ನಡೆಯುತ್ತಿರುವುದಕ್ಕಾಗಿ ಒಂದು ಸ್ತುತಿಯುಂಟು. ವಾಚಕರು ನಗಬಹುದು, ಮೂತ್ರ ಕಟ್ಟಿ ಆಸ್ಪತ್ರೆ ಸೇರಿ ಬಂದವರು ನಗಲಾರರು. ಇನ್ನು ಧರ್ಮೋಪದೇಶಕಾಂಡವು ಸ್ತುತಿಸೆಂದು ಆಜ್ಞಾಪಿಸುವುದು ಉಂಡು ತೃಪ್ತರಾದ ಬಳಿಕ. ಹಸಿದವನಿಗೆ ದೇವರ ನೆನಪು ತಾನಾಗಿಯೇ ಬರುತ್ತದೆ, ಹೊಟ್ಟೆ ತುಂಬಿದವನಿಗೆ ನೆನಪಿಸಬೇಕಾಗುತ್ತದೆ. ಕಡೆಯ ಭೋಜನದಲ್ಲಿ ಯೇಸುಸ್ವಾಮಿ ರೊಟ್ಟಿಯನ್ನು ಕೈಗೆತ್ತಿಕೊಂಡು ಸ್ತೋತ್ರ ಸಲ್ಲಿಸಿದ್ದು ಇದೇ ಪರಂಪರೆಯಲ್ಲಿ. ಪರಮಪ್ರಸಾದಕ್ಕಿರುವ ಗ್ರೀಕ್ ಹೆಸರಿನ ಅರ್ಥವೂ ಕೃತಜ್ಞತಾಸ್ತುತಿ ಎಂದೇ.

ಆದರೆ ಕೇಡು ಬಂದಾಗ? ಒಳಿತಿಗೆಂತೋ ಕೆಡುಕಿಗೂ ಅಂತೆಯೇ ದೇವರನ್ನು ಸ್ತುತಿಸಬೇಕೆಂಬುದು ಮಿಷ್ನಾದ ವಿಧಿ. ಸಾವಿನ ಸುದ್ದಿ ಕೇಳಿದವನು ದೇವರನ್ನು ಸತ್ಯ ನ್ಯಾಯಾಧೀಶನೆಂದು ಸ್ತುತಿಸುತ್ತಾನೆ. ಸಾವು ಒಳ್ಳೆಯದೆಂದು ಹೇಳುವುದಿಲ್ಲ. ಸುಮಾರು 60 ಲಕ್ಷ ಯೆಹೂದ್ಯರನ್ನು ನಾತ್ಸಿಗಳು ಕೊಂದರು. ವಿಯೆನ್ನಾದ ವೈದ್ಯ ವಿಕ್ಟರ್ ಫ್ರಾಂಕ್ಲ್ 1942ರಲ್ಲಿ ಸೆರೆಶಿಬಿರ ಸೇರಿ ತಂದೆ, ತಾಯಿ, ಸೋದರ, ಪತ್ನಿಯನ್ನು ಕಳೆದುಕೊಂಡರು. ಎಲ್ಲವನ್ನೂ ಕಸಿದುಕೊಂಡರೂ ಬಂದದ್ದನ್ನು ಎದುರಿಸುವ ಬಗೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಮನುಷ್ಯನಲ್ಲಿ ಉಳಿಯುತ್ತದೆಂದು 1946ರಲ್ಲಿ ಅವರು ಬರೆದರು. ಹೇಳಲು ಅವರಿಗೆ ಅಧಿಕಾರವಿತ್ತು. ಸುಖವಾಗಿ ಕುಳಿತವರು ಇದನ್ನೇ ನೊಂದವರಿಗೆ ಬೋಧಿಸಿದರೆ ಅದು ಕ್ರೌರ್ಯ. ಶಿಬಿರಗಳಿಂದ ಉಳಿದು ಬಂದವರಲ್ಲಿ ಮತ್ತೆಂದೂ ಪ್ರಾರ್ಥಿಸಲಾರದೆ ಹೋದವರೂ ಇದ್ದರು. ಅವರ ಮೌನವನ್ನು ಅಳೆಯುವ ಹಕ್ಕು ನಮಗಿಲ್ಲ.

ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಯೆಹೂದ್ಯನು ರೂಢಿಯಂತೆ ಹನ್ನೊಂದು ತಿಂಗಳು ‘ಕಾದೀಶ್’ ಹೇಳುತ್ತಾನೆ. ಅದರಲ್ಲಿ ಸಾವಿನ ಮಾತೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ದೇವರ ಮಹಿಮೆಯೇ. ಆದರೆ ಕನಿಷ್ಠ ಹತ್ತು ಮಂದಿ ಸೇರದೆ ಅದನ್ನು ಹೇಳುವಂತಿಲ್ಲ. ದುಃಖಿತನ ಬಾಯಿಂದ ಸ್ತುತಿ ಹೊರಡಬೇಕಾದರೆ ನೆರೆಹೊರೆಯವರು ಮುಂಜಾನೆಯೇ ಎದ್ದು ಬಂದು, ಅವನ ಬಳಿ ನಿಂತು ‘ಆಮೆನ್’ ಎನ್ನಬೇಕು.