ಕಣ್ಣು ತಪ್ಪಿಸುವ ಬಿರುಕು

1988ರ ಏಪ್ರಿಲ್ 28. ಹವಾಯಿಯ ಹಿಲೋದಿಂದ ಹೊನೊಲುಲುವಿಗೆ ಹೊರಟಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮುಂಭಾಗದ ಛಾವಣಿ 24,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಆ ವಿಮಾನ 19 ವರ್ಷಗಳಲ್ಲಿ 89,000ಕ್ಕೂ ಹೆಚ್ಚು ಬಾರಿ ಹಾರಿ ಇಳಿದಿತ್ತು. ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯ ಒತ್ತಡಕ್ಕೆ ಲೋಹದ ಮೈ ಉಬ್ಬಿ ಕುಗ್ಗಿ, ಅಂಟು ಬಿಟ್ಟ ಜೋಡಣೆಯ ರಿವೆಟ್ ರಂಧ್ರಗಳ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಹುಟ್ಟಿ ಒಂದಕ್ಕೊಂದು ಕೂಡಿಕೊಂಡಿದ್ದವು. ವಿಮಾನವೇರುವಾಗಲೇ ಪ್ರಯಾಣಿಕರೊಬ್ಬರು ಬಿರುಕೊಂದನ್ನು ಕಂಡಿದ್ದರು; ಯಾರಿಗೂ ಹೇಳಿರಲಿಲ್ಲ.

ತನಿಖಾ ವರದಿ ಬೊಟ್ಟು ಮಾಡಿದ್ದು ನಿರ್ವಹಣೆಯ ವೈಫಲ್ಯದತ್ತ. ರಾತ್ರಿ ಪಾಳಿಯಲ್ಲಿ ರಿವೆಟ್‌ಗಳ ಸಾಲುಗಳನ್ನು ಒಂದೊಂದಾಗಿ ನೋಡುವವರ ಕಣ್ಣು ಸೋಲುವುದು ಸಹಜ. ಡಿಜಿಟಲ್ ಎಕ್ಸ್‌ರೇ ಚಿತ್ರಗಳಲ್ಲಿ ಬಿರುಕನ್ನು ತಾನೇ ಹುಡುಕಿ ಗುರುತು ಹಾಕುವ ತಂತ್ರಾಂಶ ಇಲ್ಲಿ ನಿಜವಾದ ಆಸರೆ, ಅದಕ್ಕೆ ದಣಿವಿಲ್ಲ. ಆದರೆ ಕಿರಣದ ದಿಕ್ಕಿಗೆ ಅಡ್ಡಲಾಗಿ ಮಲಗಿದ ತೆಳು ಬಿರುಕು ಎಕ್ಸ್‌ರೇಯಲ್ಲಿ ಮೂಡುವುದೇ ಕಷ್ಟ. ಚಿತ್ರದಲ್ಲಿಲ್ಲದ್ದನ್ನು ಯಾವ ತಂತ್ರಾಂಶವೂ ಹುಡುಕಲಾರದು. ಕೋನ ಬದಲಿಸಿ ಮತ್ತೊಂದು ಚಿತ್ರ ತೆಗೆಯುವ, ಅನುಮಾನ ಬಂದಲ್ಲಿ ಅಲ್ಟ್ರಾಸೌಂಡ್ ಅಥವಾ ಎಡ್ಡಿ ಕರೆಂಟ್‌ನಿಂದ ಮರುಪರೀಕ್ಷೆ ಮಾಡುವ ತಂತ್ರಜ್ಞರನ್ನು ಯಂತ್ರ ಬಂತೆಂಬ ನೆಪದಲ್ಲಿ ವಿಮಾನಯಾನ ಸಂಸ್ಥೆಗಳು ಕಡಿತ ಮಾಡಕೂಡದು.