ಹಾಡಿನ ಹೆಣ್ಣಿನ ಕೈಯಲ್ಲಿ ಏನಿದೆ?

ಟಿ.ವಿ. ಹಾಡುಗಳಲ್ಲಿ ಹೆಣ್ಣೆಂದರೆ ಬಹುಪಾಲು ಎರಡೇ ಬಗೆ: ಮೈ ಕುಣಿಸುವವಳು, ಇಲ್ಲವೇ ಕಣ್ಣೀರಿಡುವವಳು. 2000ದಲ್ಲಿ 'ಬ್ರೇಕ್‌ಥ್ರೂ' ಸಂಸ್ಥೆ ಹೊರತಂದ 'ಮನ್ ಕೆ ಮಂಜೀರೆ' ಎಂಬ ಹಿಂದಿ ಹಾಡಿನ ವೀಡಿಯೊ ಈ ಅಚ್ಚನ್ನು ಮುರಿಯಿತು. ಹಾಡಿದವರು ಶುಭಾ ಮುದ್ಗಲ್. ಲಾರಿ ಓಡಿಸುವ ಹೆಣ್ಣಾಗಿ ನಟಿಸಿದವರು ಮೀತಾ ವಸಿಷ್ಠ. ಗಂಡನ ಹಿಂಸೆಯಿಂದ ಹೊರಬಂದು, ವಾಹನ ಓಡಿಸಿ ಬದುಕು ಕಟ್ಟಿಕೊಂಡ ಗುಜರಾತಿನ ಮಹಿಳೆಯೊಬ್ಬಳ ಜೀವನವೇ ಇದಕ್ಕೆ ಪ್ರೇರಣೆ.

ಏಟು ತಿನ್ನುವವಳನ್ನು ತೋರಿಸಿದರೆ 'ಅಯ್ಯೋ ಪಾಪ' ಎಂದು ಮರೆಯುತ್ತೇವೆ. ಸ್ಟೀರಿಂಗ್ ಹಿಡಿದವಳನ್ನು ಕಂಡರೆ 'ನನಗೂ ದಾರಿಯಿದೆ' ಎನಿಸುತ್ತದೆ. ಆದರೆ ಮನೆ ಬಿಟ್ಟು ಹೊರಟವಳಿಗೆ ದುಡಿಮೆ ಬೇಕು, ಸೂರು ಬೇಕು. ಅದನ್ನು ಹಾಡು ಕೊಡಲಾರದು; ಸಂಘವಾಗಿ ನಾವು ಜೊತೆ ನಿಲ್ಲಬೇಕು.

ಗೆಳತಿಯರೇ, ಮುಂದಿನ ಸಭೆಯಲ್ಲಿ ಯಾವುದಾದರೊಂದು ಹಾಡನ್ನು ಒಟ್ಟಿಗೆ ನೋಡಿ, ಕೇಳೋಣ: ಇವಳ ಕೈಯಲ್ಲಿ ಏನಿದೆ? ಇವಳು ಎಲ್ಲಿಗೆ ಹೊರಟಿದ್ದಾಳೆ?