ಗೋಡೆಯ ಗಾರೆ, ಗೌಂಡಿಯ ಕೈ

ಮಳೆಗಾಲ ಕಳೆದೊಡನೆ ಬಸವಕಲ್ಯಾಣ, ಹುಮನಾಬಾದಗಳ ಹಳೆಯ ಮನೆಗಳ ಗೋಡೆಗಳಲ್ಲಿ ಉಬ್ಬು, ಬಿರುಕು, ಸವಳು ಕಾಣತೊಡಗುತ್ತವೆ. ಆಗ ಗೃಹಸ್ಥರ ಮುಂದೆ ಎರಡು ಪ್ರಶ್ನೆಗಳು: ಯಾವ ಗಾರೆ ಮಾಡಿಸಬೇಕು? ಯಾರ ಕೈಯಿಂದ ಮಾಡಿಸಬೇಕು?

ಗಾರೆಯಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಮಣ್ಣಿನದು. ಕೆಮ್ಮಣ್ಣಿಗೆ ಹೊಟ್ಟು, ಸಗಣಿ ಬೆರೆಸಿ, ಕೆಲವು ದಿನ ಕೊಳೆಯಿಸಿ ಮೆತ್ತುವರು. ಬರಿಯ ಎರೆಮಣ್ಣು ಇದಕ್ಕೆ ಸಲ್ಲದು. ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಎರಡನೆಯದು ಸುಣ್ಣದ ಗಚ್ಚು. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಮರಳು ಕೂಡಿಸಿ ಅರೆದು ಬಳಸುವರು. ಇದು ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮೆಲ್ಲಮೆಲ್ಲನೆ ಮರಳಿ ಕಲ್ಲಾಗುತ್ತದೆ. ಬೀದರಿನ ಬಳಿಯ ಅಷ್ಟೂರಿನಲ್ಲಿ 15ನೆಯ ಶತಮಾನದ ಬಹಮನಿ ಗುಮ್ಮಟಗಳ ಮೇಲೆ ಇಂದಿಗೂ ಉಳಿದಿರುವ ಗಚ್ಚು ಅದರ ಬಾಳಿಕೆಗೆ ಸಾಕ್ಷಿ. ಮೂರನೆಯದು ಸಿಮೆಂಟಿನದು. ಒಳಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, ಸುಮಾರು 12 ಮಿಲಿಮೀಟರ್ ದಪ್ಪ. ಹೊರಗೋಡೆಗೆ ಇನ್ನೂ ತುಸು ದಪ್ಪ. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಬಳಸಿಬಿಡಬೇಕು. ಕನಿಷ್ಠ 7 ದಿನ ನೀರುಣಿಸಬೇಕು.

ಇಟ್ಟಿಗೆಯ ಹೊಸ ಗೋಡೆಗೆ ಸಿಮೆಂಟು ಒಪ್ಪುತ್ತದೆ. ಆದರೆ ಕಲ್ಲುಮಣ್ಣಿನ ಹಳೆಯ ಗೋಡೆಗೆ ಅದನ್ನು ಬಳಿಸುವುದು ಹಿತವಲ್ಲ. ನೆಲದಿಂದ ಏರಿದ ತೇವವು ಮಣ್ಣು, ಸುಣ್ಣಗಳ ಮೂಲಕ ಹೊರಹೋಗುತ್ತದೆ. ಸಿಮೆಂಟು ಅದನ್ನು ತಡೆಯುವುದರಿಂದ ಒಳಗಿನ ಮಣ್ಣು ಮೆತ್ತಗಾಗುತ್ತದೆ. ಹೊರಗೆ ನಯ, ಒಳಗೆ ಕ್ಷಯ! ಮಳೆಗಾಲದಲ್ಲಿ ಗೋಡೆ ಕುಸಿದು ಮಲಗಿದವರು ಮಡಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತೇವಲ್ಲವೆ? ಹೊಟ್ಟೆ ಬಿಟ್ಟ ಗೋಡೆಯನ್ನು ಗಾರೆಯಿಂದ ಮರೆಮಾಡದೆ, ಮೊದಲು ಬಿಚ್ಚಿ ಕಟ್ಟಿಸಿರಿ.

ಇನ್ನು ಗೌಂಡಿಯ ವಿಚಾರ. ನುರಿತವರಲ್ಲಿ ಹಲವರು ಹೆಚ್ಚಿನ ಕೂಲಿಗಾಗಿ ಹೈದರಾಬಾದ, ಪುಣೆಗಳತ್ತ ಹೋಗುತ್ತಾರೆ. ಊರಲ್ಲಿರುವವರನ್ನು ಅರಸುವಾಗ ಮಾತಿಗಿಂತ ಕೆಲಸವನ್ನು ನೋಡಿರಿ. ಎರಡು ಮಳೆಗಾಲ ಕಂಡ ಅವರ ಗೋಡೆಯನ್ನು ಬೆರಳಿನಿಂದ ತಟ್ಟಿರಿ. ಪೊಳ್ಳು ಸದ್ದು ಬಂದರೆ ಗಾರೆ ಗೋಡೆಯನ್ನು ಬಿಟ್ಟಿದೆಯೆಂದು ತಿಳಿಯಿರಿ. ಆ ಮನೆಯ ತಾಯಂದಿರನ್ನು ಕೇಳಿರಿ. ದಿನವೂ ಗೋಡೆ ನೋಡುವವರು ಅವರೇ. ಸುಣ್ಣದ ಕೆಲಸ ಬಲ್ಲ ವೃದ್ಧರು ಸಿಕ್ಕರೆ, ಅವರ ಜೊತೆ ತರುಣನೊಬ್ಬನನ್ನು ಸೇರಿಸಿ ಮಾಡಿಸಿರಿ, ವಿದ್ಯೆ ಉಳಿದೀತು.

ಚದರ ಅಡಿಯ ಗುತ್ತಿಗೆಯಲ್ಲಿ ಅವಸರ ಹೆಚ್ಚು. ದಿನಗೂಲಿಯಲ್ಲಿ ನಮ್ಮ ಮೇಲ್ವಿಚಾರಣೆ ಬೇಕು. ಯಾವುದಾದರೂ ಸರಿ, ನೀರುಣಿಸುವ ಹೊಣೆ ಯಾರದೆಂದು ಮೊದಲೇ ಮಾತಾಡಿಕೊಳ್ಳಿರಿ. ಕೂಲಿಯಲ್ಲಿ ಚೌಕಾಸಿ ಮಾಡಿ ಕೆಲಸದಲ್ಲಿ ನಿಷ್ಠೆ ಬಯಸುವುದು ನ್ಯಾಯವಲ್ಲ. ಕಾಯಕದ ಹಿರಿಮೆ ಸಾರಿದ ಕಲ್ಯಾಣದ ನೆಲದಲ್ಲಿ, ಮನೆ ನಿಲ್ಲಿಸುವ ಕೈಗೆ ಸಲ್ಲಬೇಕಾದ ಕೂಲಿ ಅಂದಂದೇ ಸಲ್ಲಲಿ.